ಹಳೇಬೀಡಿನಿಂದ ಹಳೇ ಟಾಕೀಸಿಗೆ: ಮುಚ್ಚಿದ ಚಿತ್ರಮಂದಿರ ಮತ್ತು ಉಳಿದ ಹೆಸರು

ಊರಿನ ನಡುವೆ ನಿಂತ ಚಿತ್ರಮಂದಿರವೊಂದು ಪ್ರದರ್ಶನ ನಿಲ್ಲಿಸಿ, ಜವಳಿ ಅಂಗಡಿಯಾಗಿಯೋ ಉಗ್ರಾಣವಾಗಿಯೋ ವಾಣಿಜ್ಯ ಸಂಕೀರ್ಣವಾಗಿಯೋ ಮಾರ್ಪಡುವುದು ಕರ್ನಾಟಕದಲ್ಲಿ ಈಗ ಅಪರೂಪದ ಸಂಗತಿಯಲ್ಲ. ಈ ಮಾರ್ಪಾಟನ್ನು ಸಾಮಾನ್ಯವಾಗಿ ಚಿತ್ರೋದ್ಯಮದ ಲಾಭನಷ್ಟದ ಪ್ರಶ್ನೆಯಾಗಿ ಮಾತ್ರ ನೋಡಲಾಗುತ್ತದೆ. ಆದರೆ ಕಟ್ಟಡದ ಉಪಯೋಗ ಮುಗಿದ ಮೇಲೂ ಅದರ ಹೆಸರು ಜನರ ಬಾಯಲ್ಲಿ ಉಳಿಯುತ್ತದೆ ಎಂಬುದು ಕನ್ನಡ ಅಧ್ಯಯನಕ್ಕೆ ಮುಖ್ಯವಾದ ಸಂಗತಿ. ಅರಸೀಕೆರೆ, ಬೇಲೂರು, ಹಳೇಬೀಡು ಪರಿಸರವನ್ನು ಹಿನ್ನೆಲೆಯಾಗಿಟ್ಟುಕೊಂಡು, ಇಂಥ ನೆನಪುಗಳನ್ನು ದಾಖಲಿಸಬೇಕಾದ ಅಗತ್ಯವನ್ನು ಹಾಗೂ ಅದರ ವಿಧಾನವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಹೆಸರು ಮತ್ತು ಉಪಯೋಗ

ಈ ಮೂರು ಊರುಗಳ ಹೆಸರುಗಳೇ ಚರ್ಚೆಗೆ ಪ್ರವೇಶ ಒದಗಿಸುತ್ತವೆ. ಅರಸೀಕೆರೆ ‘ಅರಸಿಯ ಕೆರೆ’. ಅರಸಿ ಹೋಗಿ ಶತಮಾನಗಳೇ ಕಳೆದರೂ ಹೆಸರು ಅವಳನ್ನು ಬಿಟ್ಟಿಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರವು 1311ರಲ್ಲಿ ಮಲ್ಲಿಕ್ ಕಾಫರನ ದಾಳಿಗೆ ತುತ್ತಾಯಿತು. ರಾಜಧಾನಿಯ ವೈಭವ ಅಳಿದ ಮೇಲೆ ಅದಕ್ಕೆ ರೂಢಿಯಾದ ಹೆಸರು ‘ಹಳೇಬೀಡು’. ಬೀಡು ಎಂದರೆ ಅರಸನ ನೆಲೆ. ‘ಹಳೇ’ ಎಂಬ ವಿಶೇಷಣವು ಆ ನೆಲೆ ಈಗಿಲ್ಲವೆಂಬುದನ್ನೂ ಒಮ್ಮೆ ಇತ್ತೆಂಬುದನ್ನೂ ಏಕಕಾಲಕ್ಕೆ ಹೇಳುತ್ತದೆ. ಊರ ಜನ ‘ಹಳೇ ಬಸ್ ಸ್ಟ್ಯಾಂಡು’, ‘ಹಳೇ ಟಾಕೀಸು’ ಎನ್ನುವಾಗ ನಡೆಯುವುದೂ ಇದೇ ಭಾಷಿಕ ಕ್ರಿಯೆ. ಅಲ್ಲಿ ಈಗ ಸೀರೆ ಮಾರುತ್ತಿರಬಹುದು. ದಾರಿ ಕೇಳಿದವರಿಗೆ ಹೇಳುವ ಗುರುತು ಮಾತ್ರ ಟಾಕೀಸೇ. ಸ್ಥಳನಾಮಶಾಸ್ತ್ರದ ದೃಷ್ಟಿಯಿಂದ ಇವೆರಡೂ ಒಂದೇ ವರ್ಗಕ್ಕೆ ಸೇರುತ್ತವೆ ಎನ್ನಬಹುದು. ಮೊದಲನೆಯದು ಸ್ಥಿರಗೊಂಡು ಊರಿನ ಹೆಸರಾಯಿತು. ಎರಡನೆಯದು ಬಳಸುವವರ ಆಯುಷ್ಯವನ್ನೇ ಅವಲಂಬಿಸಿದೆ.

2. ಟಾಕೀಸು ಎಂಬ ಸಂಸ್ಥೆ

ಮಾತನಾಡುವ ಚಿತ್ರವನ್ನು ಸೂಚಿಸುತ್ತಿದ್ದ ಇಂಗ್ಲಿಷ್ ಪದ ಕನ್ನಡಕ್ಕೆ ಬಂದು, ಅದನ್ನು ತೋರಿಸುವ ಕಟ್ಟಡದ ಹೆಸರಾಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ನಗರ ಮಾರುಕಟ್ಟೆಯ ಬಳಿಯ ಚಿತ್ರಮಂದಿರದಲ್ಲಿ ತೆರೆಕಂಡಿತು. ದೊಡ್ಡಣ್ಣ ಹಾಲ್ ಎಂದೂ ಪ್ಯಾರಾಮೌಂಟ್ ಎಂದೂ ಆ ಮಂದಿರವನ್ನು ಕರೆದಿದ್ದಾರೆ. ಕನ್ನಡ ಮಾತು ಮೊದಲು ಬೆಳ್ಳಿತೆರೆಯಿಂದ ಕೇಳಿಬಂದ ಆ ಮಂದಿರ ಇಂದು ಉಳಿದಿಲ್ಲ. ಚಿತ್ರದ ಹೆಸರು ಎಲ್ಲ ಚರಿತ್ರೆಗಳಲ್ಲಿದೆ. ಮಂದಿರದ ಹೆಸರು ಅಡಿಟಿಪ್ಪಣಿಗೆ ಸರಿದಿದೆ.

ಸಣ್ಣ ಊರುಗಳಿಗೆ ಸಿನಿಮಾ ಬಹುಮಟ್ಟಿಗೆ ಟೂರಿಂಗ್ ಟಾಕೀಸಿನ ರೂಪದಲ್ಲಿ ಬಂದಿತು. ಕಂಪನಿ ನಾಟಕಗಳ ಡೇರೆಗೆ ರೂಢಿಯಾಗಿದ್ದ ಪ್ರೇಕ್ಷಕರಿಗೆ ಟೆಂಟು ಹೊಸದೆನಿಸಲಿಲ್ಲ. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಮೊಳಗಿದರೆ ಆಟ ಆರಂಭವಾಗಲಿದೆ ಎಂದು ಸುತ್ತಲ ಹಳ್ಳಿಗಳಿಗೆ ತಿಳಿಯುತ್ತಿತ್ತು. ನೆಲದ ಮೇಲೆ ಕೂರುವವರದು ‘ಗಾಂಧಿ ಕ್ಲಾಸ್’, ಅದರ ಹಿಂದೆ ಬೆಂಚು, ಬೆಂಚಿನ ಹಿಂದೆ ಕುರ್ಚಿ. ಪಕ್ಕಾ ಕಟ್ಟಡಗಳು ಬಂದಾಗ ಈ ಶ್ರೇಣಿಗೆ ಬಾಲ್ಕನಿ ಸೇರಿತು. ದರದಿಂದ ವಿಂಗಡಣೆಯಾದರೂ ಒಂದೇ ಸೂರಿನಡಿ, ಒಂದೇ ಕಥೆಗೆ ಊರಿನ ಹಲವು ವರ್ಗಗಳು ಕೂಡುತ್ತಿದ್ದುದು ಗಮನಾರ್ಹ.

ಈ ವ್ಯವಸ್ಥೆಗೆ ಸಾರಿಗೆಯೇ ಆಧಾರ. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ ಹದಿಮೂರು ಹದಿನಾಲ್ಕು ರೀಲುಗಳು ಬೇಕು. ಬೆಂಗಳೂರಿನ ಗಾಂಧಿನಗರದ ವಿತರಕರಿಂದ ಹೊರಟ ಡಬ್ಬಗಳು ರೈಲು, ಬಸ್ಸುಗಳಲ್ಲಿ ಊರೂರು ಸೇರುತ್ತಿದ್ದವು. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನ, ಮೈಸೂರಿನ ಕಡೆಗೆ ಹಾದಿ ಕವಲೊಡೆಯುವ ಅರಸೀಕೆರೆ ಜಂಕ್ಷನ್ನಿನ ನೆಲೆಯನ್ನೂ ಆಗ ಬಸ್ಸನ್ನೇ ನಂಬಿದ್ದ ಬೇಲೂರು, ಹಳೇಬೀಡಿನ ನೆಲೆಯನ್ನೂ ಈ ಹಿನ್ನೆಲೆಯಲ್ಲಿ ಹೋಲಿಸಿ ನೋಡಬೇಕು. ‘ರೀಲು ಬಂದಿಲ್ಲ’ ಎಂಬ ಮಾತಿನ ಹಿಂದೆ ಒಂದು ಪ್ರದೇಶದ ಸಂಚಾರ ಭೂಗೋಳವೇ ಅಡಗಿದೆ.

3. ಮಾರ್ಪಾಟಿನ ಬಗೆಗಳು

ಚಿತ್ರಮಂದಿರದ ರಚನೆ ಅಂಗಡಿಗೆ ಸುಲಭವಾಗಿ ಒಗ್ಗುವಂಥದ್ದಲ್ಲ. ನೆಲ ಇಳಿಜಾರು, ಗೋಡೆಗಳಿಗೆ ಕಿಟಕಿಯಿಲ್ಲ, ಹಿಂಬದಿಯ ಗೋಡೆಯಲ್ಲಿ ಪ್ರೊಜೆಕ್ಟರಿನ ಬೆಳಕಿಗಾಗಿ ಬಿಟ್ಟ ಚಿಕ್ಕ ಕಿಂಡಿಗಳಿವೆ. ಆದರೆ ನಡುವೆ ಕಂಬವಿಲ್ಲದ ವಿಶಾಲ ಅಂಗಣ, ಸೈಕಲ್ ನಿಲ್ಲಿಸಲು ಬಿಟ್ಟ ಬಯಲು, ಪೇಟೆಯ ಮಧ್ಯದ ನಿವೇಶನ ಇವು ವ್ಯಾಪಾರವನ್ನು ಸೆಳೆಯುತ್ತವೆ. ಮಾರ್ಪಾಟು ಅನೇಕ ವೇಳೆ ಅಂಚಿನಿಂದ ಆರಂಭವಾಗುತ್ತದೆ: ಮೊದಲು ರಸ್ತೆಯ ಬದಿಗೆ ಸಾಲು ಮಳಿಗೆ, ಆಮೇಲೆ ಒಳಾಂಗಣ ಉಗ್ರಾಣ ಅಥವಾ ಕಲ್ಯಾಣ ಮಂಟಪ, ಕೊನೆಗೆ ಇಳಿಜಾರಿಗೆ ಮಣ್ಣು ತುಂಬಿ ಸಮತಟ್ಟು ಮಾಡುವುದು ಇಲ್ಲವೆ ಇಡೀ ಕಟ್ಟಡವನ್ನು ಕೆಡಹುವುದು.

ಬೆಂಗಳೂರಿನ ನಿದರ್ಶನಗಳಲ್ಲಿ ಎರಡು ಬಗೆಗಳು ಸ್ಪಷ್ಟವಾಗಿವೆ. ಒಂದು, ಕಟ್ಟಡ ಉಳಿದು ಉಪಯೋಗ ಬದಲಾಗುವುದು. ಕಬ್ಬನ್ ರಸ್ತೆಯ ಬಿ.ಆರ್.ವಿ. ಚಿತ್ರಮಂದಿರದ ಹೆಸರಿನಲ್ಲಿ ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬ ಸೇನಾದಳದ ಹೆಸರು ಅಡಗಿದೆ. ಸಿನಿಮಾ ನಿಂತ ಮೇಲೆ ಅದು ಸೈನಿಕರ ಕುಟುಂಬಗಳಿಗೆ ಸಾಮಾನು ಮಾರುವ ಕ್ಯಾಂಟೀನಾಯಿತು. ಎರಡು, ಕಟ್ಟಡ ಅಳಿದು ಹೆಸರು ಉಳಿಯುವುದು. ಕೆಂಪೇಗೌಡ ರಸ್ತೆಯ ಅಲಂಕಾರ್ ಚಿತ್ರಮಂದಿರದ ಜಾಗದಲ್ಲಿ ಎದ್ದದ್ದು ಅಲಂಕಾರ್ ಪ್ಲಾಜಾ. ಹಲಸೂರಿನ ಬಳಿಯ ಲಿಡೊ ಹೋಗಿ ಮಾಲ್ ಬಂದಾಗ ಮಾಲೂ ಆ ಹೆಸರನ್ನೇ ಧರಿಸಿತು. ಹಳೆಯ ಹೆಸರಿಗೆ ಜನರ ನಡುವೆ ಇರುವ ಬೆಲೆಯನ್ನು ವ್ಯಾಪಾರವೂ ಬಲ್ಲದು. 1968ರಲ್ಲಿ ಆರಂಭವಾದ ಕಪಾಲಿ 2017ರಲ್ಲಿ ಪ್ರದರ್ಶನ ನಿಲ್ಲಿಸಿತು. ಹೊಯ್ಸಳ ವಿಷ್ಣುವರ್ಧನನ ರಾಣಿಯ ಹೆಸರು ಹೊತ್ತ ಮೈಸೂರಿನ ಶಾಂತಲಾ, ಕೊರೊನಾ ಪಿಡುಗಿನ ವರ್ಷವಾದ 2020ರಲ್ಲಿ ಮುಚ್ಚಿತು.

ಕಾರಣಗಳು ಹಲವು. 1982ರ ನಂತರ ದೂರದರ್ಶನದ ವಿಸ್ತರಣೆ, 1990ರ ದಶಕದ ಉಪಗ್ರಹ ವಾಹಿನಿಗಳು, ಅನಂತರದ ಮಲ್ಟಿಪ್ಲೆಕ್ಸುಗಳು, ರೀಲಿನಿಂದ ಡಿಜಿಟಲ್ ಪ್ರದರ್ಶನಕ್ಕೆ ಬದಲಾಗಲು ತಗಲುವ ವೆಚ್ಚ, ಎಲ್ಲಕ್ಕಿಂತ ಮಿಗಿಲಾಗಿ ಪೇಟೆ ನೆಲದ ಬೆಲೆ. ಟಿಕೆಟ್ಟಿನ ಆದಾಯಕ್ಕಿಂತ ಮಳಿಗೆಯ ಬಾಡಿಗೆ ಹೆಚ್ಚೆಂದು ಕಂಡಾಗ ನಿರ್ಧಾರ ಸಹಜವಾಗಿಯೇ ಆಗಿಬಿಡುತ್ತದೆ.

4. ದಾಖಲೀಕರಣದ ವಿಧಾನ

ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ದೇವಾಲಯಕ್ಕೆ ಬಿಟ್ಟ ದತ್ತಿಗಳ ವಿವರವನ್ನು ಇಂದಿಗೂ ಓದಬಹುದು. ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ. ಅದೇ ನೆಲದಲ್ಲಿ ಇಪ್ಪತ್ತನೆಯ ಶತಮಾನದ ಜನ ನಿತ್ಯ ಸೇರುತ್ತಿದ್ದ ಕಟ್ಟಡಗಳಿಗೂ ಇಂಥ ಶ್ರದ್ಧೆ ಸಲ್ಲಬೇಕಾಗಿದೆ.

ಇದಕ್ಕೆ ಮಾದರಿಯನ್ನು ಹೊರಗೆ ಹುಡುಕಬೇಕಿಲ್ಲ. ದಾನಶಾಸನವೊಂದು ಕಾಲ, ದಾನಿ, ಉದ್ದೇಶ, ಚತುಸ್ಸೀಮೆ, ಸಾಕ್ಷಿಗಳನ್ನು ಹೇಳುತ್ತದೆ. ಚಿತ್ರಮಂದಿರದ ದಾಖಲೆಗೂ ಇದೇ ಚೌಕಟ್ಟು ಒದಗುತ್ತದೆ. ಕಾಲಕ್ಕೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಪಡೆದ ಪರವಾನಗಿ, ಚತುಸ್ಸೀಮೆಗೆ ಪುರಸಭೆಯ ಖಾತೆ, ಪ್ರದರ್ಶನಕ್ಕೆ ಕರಪತ್ರ ಹಾಗೂ ಗಳಿಕೆಯ ಪಟ್ಟಿ, ಸಾಕ್ಷಿಗಳಾಗಿ ಪ್ರೊಜೆಕ್ಟರ್ ನಡೆಸಿದವರು, ಗೇಟು ಕಾದವರು, ಕಡಲೆಕಾಯಿ ಮಾರಿದವರು, ಸಂತೆ ಮುಗಿಸಿ ಮ್ಯಾಟ್ನಿಗೆ ಬಂದ ಹೆಂಗಸರು. 1958ರ ಕಾಯ್ದೆಯಂತೆ ವಸೂಲಾಗುತ್ತಿದ್ದ ಮನರಂಜನಾ ತೆರಿಗೆ 2017ರ ಜುಲೈ 1ರಿಂದ ಜಿಎಸ್‌ಟಿಯಲ್ಲಿ ಲೀನವಾಯಿತು. ಹಾಗಾಗಿ ಆ ತೆರಿಗೆಯ ಕಡತಗಳು ಇನ್ನು ಬೆಳೆಯುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕಷ್ಟೆ.

ಮೌಖಿಕ ನೆನಪನ್ನು ಬರಹದ ದಾಖಲೆಯೊಡನೆ ಇಟ್ಟು ಓದಬೇಕು ಎಂಬುದಕ್ಕೆ ಬೇಲೂರೇ ನಿದರ್ಶನ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ತೆರೆಕಂಡು, ಐತಿಹ್ಯದ ಶಿಲ್ಪಿಯನ್ನು ಮನೆಮಾತಾಗಿಸಿತು. ದೇಗುಲದ ಕಲ್ಲುಗಳಲ್ಲಿ ಕಾಣುವ ರುಜುಗಳು ಬಳ್ಳಿಗಾವೆಯ ದಾಸೋಜ, ಚಾವಣ ಮೊದಲಾದವರವು. ಕಲ್ಲು ಹೇಳುವುದು ಕೆಲಸ ಮಾಡಿದವರನ್ನು. ಐತಿಹ್ಯ ಹೇಳುವುದು ಜನ ಆ ಕೆಲಸವನ್ನು ಹೇಗೆ ಕಂಡರೆಂಬುದನ್ನು. ಟಾಕೀಸಿನ ನೆನಪುಗಳಲ್ಲೂ ವರ್ಷ ತಪ್ಪಬಹುದು, ಓಡಿದ ವಾರಗಳ ಎಣಿಕೆ ಹಿಗ್ಗಬಹುದು. ಆ ತಪ್ಪುಗಳೂ ಅಧ್ಯಯನದ ಸಾಮಗ್ರಿಯೇ.

ಅಂಗಡಿಯಾದ ಚಿತ್ರಮಂದಿರವನ್ನು ಮತ್ತೆ ಚಿತ್ರಮಂದಿರ ಮಾಡುವುದು ಅಧ್ಯಯನದ ಕೆಲಸವಲ್ಲ. ಪ್ರತಿ ತಾಲೂಕು ಕೇಂದ್ರದ ಕಾಲೇಜಿನ ಕನ್ನಡ ವಿಭಾಗವು ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧವಾಗಿ ತನ್ನೂರಿನ ಒಂದೊಂದು ಟಾಕೀಸಿನ ವಿವರವನ್ನು ಸಂಗ್ರಹಿಸಿದರೆ ಸಾಕು. ಟೆಂಟಿನ ಕಾಲ ಕಂಡವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಹಳೇಬೀಡಿನ ಹೆಸರನ್ನು ಕಲ್ಲು ಕಾಯ್ದಿದೆ. ಹಳೇ ಟಾಕೀಸಿನ ಹೆಸರನ್ನು ಕಾಯಲು ಅಂಥ ಕಲ್ಲಿಲ್ಲ. ಬರೆದಿಟ್ಟರೆ ಮಾತ್ರ ಅದು ಮುಂದಿನವರಿಗೆ ದಕ್ಕುತ್ತದೆ.