ಹುಟ್ಟುವಳಿಯ ಆಧಾರದ ಸಾಲಪತ್ರಗಳು

ಸರ್ಕಾರದವರು ಎತ್ತುವ ಸಾಲಕ್ಕೆ ಸಾಮಾನ್ಯವಾಗಿ ಆಧಾರವೆಂದರೆ ಪ್ರಜೆಗಳು ಕೊಡುವ ತೆರಿಗೆ. ಹಾಗಲ್ಲದೆ, ಸೇತುವೆಯ ಸುಂಕದಿಂದಲೋ ನೀರಿನ ದರದಿಂದಲೋ ವಿದ್ಯುಚ್ಛಕ್ತಿಯ ಮಾರಾಟದಿಂದಲೋ ಬರುವ ಹುಟ್ಟುವಳಿಯೊಂದನ್ನೇ ನಂಬಿ ಎತ್ತುವ ಸಾಲವೂ ಉಂಟು. ಅಂತಹ ಸಾಲಪತ್ರಕ್ಕೆ ರೆವಿನ್ಯೂ ಬಾಂಡು ಎಂದು ಹೆಸರು. ಅದು ವಿಶೇಷವಾಗಿ ಬೆಳೆದುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಆದಕಾರಣ ಅದರ ಕಟ್ಟಳೆಗಳನ್ನೂ ನಾವು ಅಲ್ಲಿಯೇ ನೋಡುವುದು ಉಚಿತ.

1830ರ ದಶಕದಲ್ಲಿ ಆ ಸಂಸ್ಥಾನಗಳು ಕಾಲುವೆ, ರೈಲುದಾರಿ, ಬ್ಯಾಂಕುಗಳಿಗಾಗಿ ಧಾರಾಳವಾಗಿ ಸಾಲಮಾಡಿದುವು. 1837ರಲ್ಲಿ ಹಣದ ಮುಗ್ಗಟ್ಟು ತಲೆದೋರಿತು. 1842ರ ವೇಳೆಗೆ ಎಂಟು ಸಂಸ್ಥಾನಗಳು ವಾಯಿದೆಗೆ ತಪ್ಪಿ ನಿಂತುವು. ಬಾಯಿ ಸುಟ್ಟುಕೊಂಡ ಪ್ರಜೆಗಳು ರಾಜ್ಯಾಂಗದಲ್ಲಿಯೇ ಬೇಲಿ ಹಾಕಿದರು. ನ್ಯೂಯಾರ್ಕಿನ 1846ರ ರಾಜ್ಯಾಂಗದ ಮೇರೆಗೆ, ಸಣ್ಣದೊಂದು ಮಿತಿಯನ್ನು ಮೀರಿದ ಸಾಲಕ್ಕೆ ಸಾಧಾರಣವಾಗಿ ಮತದಾರರ ಒಪ್ಪಿಗೆಯೇ ಬೇಕಾಯಿತು.

ಬೇಲಿಯಿದ್ದಲ್ಲಿ ದಾರಿ ಹುಡುಕುವವರೂ ಇರುತ್ತಾರಷ್ಟೆ. ಸ್ಪೋಕೇನ್ ಪಟ್ಟಣದ ನೀರಿನ ಕಾರ್ಖಾನೆಯ ಮೊಕದ್ದಮೆಯಲ್ಲಿ, 1895ರಲ್ಲಿ, ವಾಷಿಂಗ್ಟನ್ ಸಂಸ್ಥಾನದ ಶ್ರೇಷ್ಠ ನ್ಯಾಯಸ್ಥಾನವು, ನೀರಿನ ಹುಟ್ಟುವಳಿಯ ಪ್ರತ್ಯೇಕ ನಿಧಿಯಿಂದ ಮಾತ್ರ ತೀರಬೇಕಾದ ಹೊಣೆಯು ರಾಜ್ಯಾಂಗವು ಹೇಳುವ ‘ಸಾಲ’ವಲ್ಲವೆಂದು ತೀರ್ಮಾನಿಸಿತು. ಈ ನ್ಯಾಯದ ಮೇಲೆಯೇ ಇಂದಿನ ಪದ್ಧತಿಯ ಬಹುಭಾಗ ನಿಂತಿದೆ. ತೆರಿಗೆಯ ಅಧಿಕಾರವನ್ನು ಒತ್ತೆಯಿಟ್ಟಿಲ್ಲವೆಂದು ಪತ್ರದಲ್ಲಿ ಸ್ಪಷ್ಟಪಡಿಸುವುದು ವಾಡಿಕೆ. ಹುಟ್ಟುವಳಿಯನ್ನು ಬೇರೆ ನಿಧಿಯಲ್ಲಿಡಬೇಕು. ಖರ್ಚಿಗೂ ಅಸಲುಬಡ್ಡಿಗೂ ಸಾಲುವಂತೆ ದರವನ್ನು ಗೊತ್ತುಮಾಡುತ್ತೇವೆಂದು ಸಾಲಗಾರರು ಕರಾರು ಬರೆದುಕೊಡಬೇಕು. ಇವೆಲ್ಲಕ್ಕೂ ಮೊದಲು, ಸಾಲವೆತ್ತುವ ಅಧಿಕಾರವನ್ನು ಶಾಸನವು ಕೊಟ್ಟಿರಲೇಬೇಕು.

ಈ ಕಡೆಯ ಮಾತು ಬರಿಯ ಔಪಚಾರಿಕವಲ್ಲ. ಅದೇ ವಾಷಿಂಗ್ಟನ್ನಿನ ವಿದ್ಯುತ್ ಸಂಸ್ಥೆಯೊಂದು ಎರಡು ಪರಮಾಣು ಸ್ಥಾವರಗಳಿಗಾಗಿ 225 ಕೋಟಿ ಡಾಲರುಗಳ ಬಾಂಡುಗಳನ್ನು ಮಾರಿತ್ತು. ಸ್ಥಾವರಗಳು ಮುಗಿಯಲಿ, ಬಿಡಲಿ, ಹಣ ಕೊಡುತ್ತೇವೆಂದು 88 ಸ್ಥಳೀಯ ಸಂಸ್ಥೆಗಳು ಒಪ್ಪಿದ್ದುವು. 1982ರಲ್ಲಿ ಕೆಲಸ ನಿಂತುಹೋಯಿತು. 1983ರಲ್ಲಿ ನ್ಯಾಯಸ್ಥಾನವು, ಹಾಗೆ ಒಪ್ಪುವ ಅಧಿಕಾರವೇ ಆ ಸಂಸ್ಥಾನದ ಸ್ಥಳೀಯ ಸಂಸ್ಥೆಗಳಿಗೆ ಇರಲಿಲ್ಲವೆಂದಿತು! ಕರಾರು ಮುರಿಯಿತು. ಪತ್ರಗಳನ್ನು ಕೊಂಡವರಲ್ಲಿ ಉಳಿತಾಯದ ಹಣ ತೊಡಗಿಸಿದ ಸಾಮಾನ್ಯ ಗೃಹಸ್ಥರು ಬಹಳ ಮಂದಿ. ದೀರ್ಘ ವ್ಯಾಜ್ಯದ ಮೇಲೆ ಅವರಿಗೆ ದೊರೆತುದು ಒಂದಂಶ ಮಾತ್ರ.

ಆದರೆ ಅಧಿಕಾರವಿದ್ದು ಕೊಟ್ಟ ಮಾತನ್ನು ಸಂಸ್ಥಾನವೂ ಸುಲಭವಾಗಿ ಮುರಿಯುವಂತಿಲ್ಲ. ನ್ಯೂಯಾರ್ಕ್, ನ್ಯೂಜೆರ್ಸಿಗಳು 1921ರಲ್ಲಿ ಸ್ಥಾಪಿಸಿದ ಬಂದರು ಪ್ರಾಧಿಕಾರದ ಹುಟ್ಟುವಳಿಯನ್ನು ನಷ್ಟದ ರೈಲುಗಳಿಗೆ ಮಿತಿಮೀರಿ ಸುರಿಯುವುದಿಲ್ಲವೆಂದು 1962ರಲ್ಲಿ ಎರಡೂ ಶಾಸನಪೂರ್ವಕವಾಗಿ ಮಾತುಕೊಟ್ಟು, 1974ರಲ್ಲಿ ಅದನ್ನು ರದ್ದುಮಾಡಿದುವು. 1977ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ನಾಲ್ವರ ಮತ ಒಂದು ಕಡೆ, ಮೂವರದು ಇನ್ನೊಂದು ಕಡೆಯಾಗಿ, ಆ ರದ್ದಿಯು ಸಲ್ಲದೆಂದಿತು. ರೈಲುಗಳ ಉದ್ದೇಶ ಒಳ್ಳೆಯದೇ ಇದ್ದಿತು. ಆದರೂ ತೀರ್ಪು ಸರಿಯೆಂದೇ ನಮ್ಮ ಎಣಿಕೆ.

ನಮ್ಮ ದೇಶದಲ್ಲಿ ರಾಜ್ಯ ಸರ್ಕಾರದ ಸಾಲಕ್ಕೆ ಸಂವಿಧಾನದ 293ನೆಯ ವಿಧಿಯಂತೆ ಸಂಚಿತ ನಿಧಿಯೇ ಭದ್ರತೆ. ಕೇಂದ್ರದ ಸಾಲ ಬಾಕಿಯಿದ್ದರೆ ಕೇಂದ್ರದ ಸಮ್ಮತಿಯೂ ಬೇಕು. 1994ರಲ್ಲಿ ಸ್ಥಾಪಿತವಾದ ಕೃಷ್ಣಾ ಭಾಗ್ಯ ಜಲ ನಿಗಮದಂತಹ ಕಂಪನಿಗಳು ಬಾಂಡುಗಳನ್ನು ಮಾರಿದುದುಂಟು. ಆದರೆ ಅವುಗಳ ಹಿಂದೆ ರಾಜ್ಯ ಸರ್ಕಾರದ ಜಾಮೀನಿದ್ದಿತು. ಜಾಮೀನು ಬಿದ್ದಮೇಲೆ ಕಡೆಯ ಹೊಣೆ ಪುನಃ ತೆರಿಗೆ ಕೊಡುವವನದೇ. ಅಂತಹ ಜಾಮೀನುಗಳಿಗೆ ಕರ್ನಾಟಕವು 1999ರ ಶಾಸನದಿಂದ ಒಂದು ಮಿತಿಯನ್ನು ಕಟ್ಟಿತು.