ದೊಡ್ಡ ಕೊಳವೆಯಲ್ಲಿ ಹರಿಯುವ ಅನಿಲವನ್ನು ಅಳೆಯುವುದು ಹೇಗೆ?

ವಿದ್ಯಾರ್ಥಿಗಳೇ, ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳವನ್ನು ನೀವು ನೋಡಿರಬಹುದು. ನಡುವೆ ಬಿದ್ದ ಎಲೆ ಸರಸರನೆ ಸಾಗುತ್ತದೆ. ದಡದ ಬಳಿ ಬಿದ್ದ ಎಲೆ ನಿಧಾನವಾಗಿ ತೇಲುತ್ತದೆ. ಕಾರ್ಖಾನೆಯ ದೊಡ್ಡ ಕೊಳವೆಗಳಲ್ಲಿ ಹರಿಯುವ ಅನಿಲದ ವರ್ತನೆಯೂ ಇದೇ ಬಗೆಯದು. ಅಳತೆಯ ಕಷ್ಟ ಆರಂಭವಾಗುವುದೇ ಇಲ್ಲಿ.

ಇದನ್ನು ನಿಖರವಾಗಿ ಏಕೆ ಅಳೆಯಬೇಕು? ಉಷ್ಣ ವಿದ್ಯುತ್ ಸ್ಥಾವರದ ಬಾಯ್ಲರಿಗೆ ಗಾಳಿ ಕಡಿಮೆಯಾದರೆ ಇಂಧನ ಪೂರ್ತಿ ಉರಿಯದೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಗಾಳಿ ಅತಿಯಾದರೆ ಶಾಖ ಚಿಮಣಿಯ ಪಾಲಾಗುತ್ತದೆ. ಒಂದು ಲೆಕ್ಕ ಮಾಡೋಣ. 1 ಮೀಟರ್ ವ್ಯಾಸದ ಕೊಳವೆಯಲ್ಲಿ ಗಾಳಿ ಸೆಕೆಂಡಿಗೆ ಸರಾಸರಿ 10 ಮೀಟರ್ ವೇಗದಲ್ಲಿ ಹರಿಯುತ್ತಿದೆ ಎನ್ನಿ. ಅದರ ಸಾಂದ್ರತೆ ಘನಮೀಟರಿಗೆ 1.2 ಕಿಲೋಗ್ರಾಂ. ಅಡ್ಡಕೊಯ್ತದ ವಿಸ್ತೀರ್ಣ, ವೇಗ, ಸಾಂದ್ರತೆ ಈ ಮೂರನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 9.4 ಕಿಲೋಗ್ರಾಂ ಎಂದು ತಿಳಿಯುತ್ತದೆ. ಅಳತೆ ಶೇಕಡಾ 1ರಷ್ಟು ತಪ್ಪಿದರೂ ದಿನಕ್ಕೆ ಸುಮಾರು 8 ಟನ್ ವ್ಯತ್ಯಾಸ!

ತಪ್ಪು ನುಸುಳುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ವೇಗದ ಏರುಪೇರು. ನೇರ ಕೊಳವೆಯಲ್ಲಿ ಸರಾಸರಿ ವೇಗವು ನಡುವಿನ ವೇಗದ ಶೇಕಡಾ 80ರಿಂದ 85ರಷ್ಟು ಮಾತ್ರ. ನಡುವೆ ಒಂದೇ ಕಡೆ ಅಳೆದು ಅದನ್ನೇ ಸರಾಸರಿ ಎಂದರೆ ಲೆಕ್ಕ ಕೆಡುತ್ತದೆ. ಆದುದರಿಂದ ಅಡ್ಡಕೊಯ್ತವನ್ನು ಸಮ ವಿಸ್ತೀರ್ಣದ ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದಲ್ಲೂ ಪಿಟೋ ನಳಿಕೆಯಿಂದ ವೇಗ ಅಳೆದು ಸರಾಸರಿ ತೆಗೆಯುತ್ತಾರೆ. ಫ್ರಾನ್ಸಿನ ಆನ್ರಿ ಪಿಟೋ 1732ರಲ್ಲಿ ರೂಪಿಸಿದ ಸಾಧನವಿದು. ಈಗ ಶ್ರವಣಾತೀತ ಧ್ವನಿಯನ್ನು ಹಲವು ಹಾದಿಗಳಲ್ಲಿ ಹಾಯಿಸಿಯೂ ವೇಗ ತಿಳಿಯುತ್ತಾರೆ. ಹರಿವಿನ ಜೊತೆಗೆ ಸಾಗುವ ಧ್ವನಿ ಬೇಗ ತಲುಪುತ್ತದೆ, ಎದುರು ಸಾಗುವುದು ತಡವಾಗಿ. ಆ ಕಾಲವ್ಯತ್ಯಾಸವೇ ವೇಗದ ಸುಳಿವು.

ಎರಡನೆಯದು ತಿರುವು. ಕೊಳವೆ ಬಾಗಿದೆಡೆ ಅನಿಲ ಒಂದು ಬದಿಗೆ ವಾಲುತ್ತದೆ, ಸುಳಿ ಏಳುತ್ತದೆ. ಆದ್ದರಿಂದ ಮಾಪಕದ ಮುಂಚೆ ಸಾಕಷ್ಟು ಉದ್ದದ ನೇರ ಕೊಳವೆ ಇರಬೇಕು. ಜಾಗ ಸಾಲದಿದ್ದರೆ ರಂಧ್ರಗಳುಳ್ಳ ತಟ್ಟೆಯನ್ನು ಅಡ್ಡಲಾಗಿಟ್ಟು ಹರಿವನ್ನು ಸರಿಪಡಿಸುತ್ತಾರೆ.

ಮೂರನೆಯದು ಸಾಂದ್ರತೆ. ಒತ್ತಡ ಬದಲಾಗದೆ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್‌ನಿಂದ 57ಕ್ಕೆ, ಅಂದರೆ 300 ಕೆಲ್ವಿನ್‌ನಿಂದ 330ಕ್ಕೆ ಏರಿದರೆ, ಗಾಳಿಯ ಸಾಂದ್ರತೆ ಸುಮಾರು ಶೇಕಡಾ 9ರಷ್ಟು ಇಳಿಯುತ್ತದೆ. ಗಾತ್ರ ಅಷ್ಟೇ ಇದ್ದರೂ ದ್ರವ್ಯರಾಶಿ ಕಡಿಮೆ! ಹಾಗಾಗಿ ವೇಗದೊಡನೆ ಒತ್ತಡ, ಉಷ್ಣತೆಗಳನ್ನೂ ಅಳೆಯಲೇಬೇಕು. ಮಿಶ್ರ ಅನಿಲವಾದರೆ ಅದರ ಘಟಕಗಳ ಪ್ರಮಾಣವೂ ತಿಳಿದಿರಬೇಕು.

ಕೊನೆಯದಾಗಿ, ಮಾಪಕವನ್ನೇ ಆಗಾಗ ಪರೀಕ್ಷಿಸಬೇಕು. ಅಂಗಡಿಯ ತಕ್ಕಡಿಗೆ ಮುದ್ರೆ ಇರುವಂತೆ ಇದಕ್ಕೂ ಪ್ರಮಾಣೀಕರಣ ಬೇಕು. ಕೇರಳದ ಪಾಲಕ್ಕಾಡಿನ ಫ್ಲೂಯಿಡ್ ಕಂಟ್ರೋಲ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಇಂಥ ಪರೀಕ್ಷೆ ನಡೆಯುತ್ತದೆ.

ಬೆಲೆಬಾಳುವ ಮಾಪಕವೊಂದಿದ್ದರೆ ಸಾಲದು. ಅದನ್ನು ಎಲ್ಲಿಡಬೇಕೆಂಬ ತಿಳಿವಳಿಕೆಯೂ ಬೇಕು. ಮುಂದಿನ ಸಲ ಹಳ್ಳದ ಬಳಿ ಹೋದಾಗ, ದಡದಲ್ಲೇ ನಿಂತು ಎರಡು ಎಲೆಗಳನ್ನು ತೇಲಿಬಿಟ್ಟು ನೋಡಿ. ಪಾಠ ನಿಮಗೇ ಮನದಟ್ಟಾಗುತ್ತದೆ.