ಕೊಣ್ಣೂರ ಶಾಸನದ ಅಂತಃಕಲಹವೂ ಯೋಧರ ಉಡುಪೂ

ನರಗುಂದವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು 1858ರಲ್ಲಿ ನಡೆದ ಬಾಬಾಸಾಹೇಬನ ಬಂಡಾಯ. ಅದೇ ತಾಲೂಕಿನಲ್ಲಿ, ಮಲಪ್ರಭೆಯ ದಡದಲ್ಲಿರುವ ಕೊಣ್ಣೂರು, ಅದಕ್ಕೂ ಸುಮಾರು ಸಾವಿರ ವರ್ಷ ಹಿಂದಿನ ಇನ್ನೊಂದು ದಂಗೆಯ ವೃತ್ತಾಂತವನ್ನು ಕಲ್ಲಿನ ಮೇಲೆ ಉಳಿಸಿಕೊಂಡಿದೆ. ಅದು ಪರರಾಜರೊಡನೆ ನಡೆದ ಯುದ್ಧವಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನಿಗೂ ಅವನ ಮಗನಿಗೂ ನಡುವೆ ಹುಟ್ಟಿದ ಅಂತಃಕಲಹ. ಅದರಲ್ಲಿ ಕಾದಿದ ಯೋಧರನ್ನು ಇಂದು ರಂಗದ ಮೇಲಾಗಲಿ, ವಸ್ತುಸಂಗ್ರಹಾಲಯದಲ್ಲಾಗಲಿ ನಿಲ್ಲಿಸಿ ತೋರಿಸಬೇಕಾದರೆ ಅವರಿಗೆ ಯಾವ ಉಡುಪನ್ನು ತೊಡಿಸಬೇಕು? ಐತಿಹಾಸಿಕ ನಾಟಕಗಳನ್ನು ಆಡಿಸುವ ಕಾಲೇಜುಗಳಲ್ಲಿ ಈ ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ. ಇದಕ್ಕೆ ಉತ್ತರವನ್ನು ಹುಡುಕುವ ಕ್ರಮವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲು ಶಾಸನದ ವಿಚಾರ. ಕೊಣ್ಣೂರೆಂಬ ಹೆಸರಿನ ಊರು ಗೋಕಾಕ ತಾಲೂಕಿನಲ್ಲಿಯೂ ಇದ್ದು, ಅಲ್ಲಿಯೂ ಶಾಸನಗಳಿರುವುದರಿಂದ ಓದುಗರು ಇವೆರಡನ್ನು ಒಂದೆಂದು ಭಾವಿಸಬಾರದು. ನಾವು ಹೇಳುತ್ತಿರುವುದು ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಗದಗ ಜಿಲ್ಲೆಯಲ್ಲಿರುವ ಕೊಣ್ಣೂರನ್ನು. ಇದರ ಪ್ರಾಚೀನ ನಾಮ ಕೊಳನೂರು. ಇಲ್ಲಿಯ ಸಂಸ್ಕೃತ ಶಾಸನವನ್ನು ಕೀಲ್‌ಹಾರ್ನ್ ಪಂಡಿತರು 'ಎಪಿಗ್ರಾಫಿಯಾ ಇಂಡಿಕಾ'ದ ಆರನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ಶಕವರ್ಷ 782ರ, ಎಂದರೆ ಕ್ರಿ.ಶ. 860ರ, ಆಶ್ವಯುಜ ಪೌರ್ಣಿಮೆಯ ಚಂದ್ರಗ್ರಹಣದಂದು, ಮಾನ್ಯಖೇಟದ ಅರಸನು ತನ್ನ ದಂಡನಾಯಕ ಬಂಕೇಯನ ಕೋರಿಕೆಯ ಮೇರೆಗೆ, ಬಂಕೇಯನೇ ಕೊಳನೂರಿನಲ್ಲಿ ಕಟ್ಟಿಸಿದ್ದ ಜಿನಾಲಯಕ್ಕಾಗಿ ದೇವೇಂದ್ರನೆಂಬ ಮುನಿಗೆ ಭೂಮಿಯನ್ನು ದಾನಮಾಡಿದನೆಂಬುದು ಅದರ ಸಾರಾಂಶ.

ದಾನಕ್ಕೆ ಕಾರಣವಾಗಿ ಬಂಕೇಯನ ಸೇವೆಯು ವರ್ಣಿತವಾಗಿದೆ. ಗಂಗವಾಡಿಯ ಮೇಲೆ ದಂಡೆತ್ತಿಹೋದ ಅವನು ಕೇದಲವೆಂಬ ಕೋಟೆಯನ್ನು ಹಿಡಿದನು, ತಲವನಪುರದ ಎಂದರೆ ತಲಕಾಡಿನ ಒಡೆಯನನ್ನು ಓಡಿಸಿದನು, ಕಾವೇರಿಯನ್ನು ದಾಟಿದನು. ಅಷ್ಟರಲ್ಲಿ ಅರಸನ ಸನಿಹದಲ್ಲಿಯೇ ಕ್ಷೋಭೆ ಹುಟ್ಟಿ, ಹಿಂದಿರುಗುವಂತೆ ಅವನಿಗೆ ಕರೆ ಬಂದಿತು. ರಾಜಪುತ್ರನೇ ವಿರೋಧಿಗಳ ಪಕ್ಷವನ್ನು ಸೇರಿದ್ದನು. ಅವನು ಮುಂದೆ ಪಟ್ಟವೇರಿದ ಇಮ್ಮಡಿ ಕೃಷ್ಣನೆಂದು ಇತಿಹಾಸಜ್ಞರು ಸಾಮಾನ್ಯವಾಗಿ ಗ್ರಹಿಸುತ್ತಾರೆ. ಮೂರು ತಿಂಗಳೊಳಗೆ ಹಗೆಗಳನ್ನು ಗೆಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಬಂಕೇಯನು ಪ್ರತಿಜ್ಞೆಮಾಡಿ, ಅದನ್ನು ನೆರವೇರಿಸಿದನು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇಂದು ನಾವು ಓದುತ್ತಿರುವ ಕಲ್ಬರಹವು 860ರಲ್ಲಿ ಕಂಡರಿಸಿದ್ದಲ್ಲ. ಮೇಘಚಂದ್ರ ತ್ರೈವಿದ್ಯರ ಪರಂಪರೆಯ ವೀರನಂದಿ ಮುನಿಯ ಮಾತಿನಂತೆ, ಹಳೆಯ ತಾಮ್ರಶಾಸನವೊಂದನ್ನು ನೋಡಿ, 12ನೆಯ ಶತಮಾನದಲ್ಲಿ ಅದನ್ನು ಕಲ್ಲಿಗೆ ಇಳಿಸಲಾಯಿತು. ಆದುದರಿಂದ ನಮ್ಮ ಮುಖ್ಯ ಸಾಕ್ಷಿಯೇ ಒಂದು ಬಗೆಯ ಪುನಾರಚನೆ. ಆದರೆ ತಾನು ಪ್ರತಿಯೆಂಬುದನ್ನು ಅದು ಮರೆಮಾಚಿಲ್ಲ. ಉಡುಪನ್ನು ಪುನಾರಚಿಸಹೊರಟವರಿಗೂ ಇದೇ ಮೇಲ್ಪಂಕ್ತಿಯಾಗಬೇಕು.

ಈಗ ಉಡುಪಿನ ವಿಚಾರ. ಬೇರೆ ದೇಶಗಳ ಅಂತರ್ಯುದ್ಧಗಳನ್ನು ಅಭ್ಯಸಿಸುವವರಿಗೆ ಅನೇಕ ಅನುಕೂಲಗಳಿವೆ. 1861ರಿಂದ 1865ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ನೀಲಿ ಹಾಗೂ ಬೂದು ಬಣ್ಣದ ಅಂಗಿಗಳೂ ಗುಂಡಿಗಳೂ ಛಾಯಾಚಿತ್ರಗಳೂ ಇಂದಿಗೂ ಉಳಿದಿವೆ. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ 1645ರಲ್ಲಿ ಕಟ್ಟಲಾದ ಹೊಸ ಮಾದರಿಯ ಸೈನ್ಯವು ಕೆಂಪಂಗಿಯನ್ನು ತೊಟ್ಟಿತೆಂಬುದು ಪ್ರಸಿದ್ಧವಾಗಿದೆ. ನಮ್ಮಲ್ಲಿ ಒಂಬತ್ತನೆಯ ಶತಮಾನದ ಯೋಧನು ಉಟ್ಟ ಒಂದು ಎಳೆ ನೂಲೂ ನಮ್ಮ ಕೈಗೆ ದೊರೆಯುವುದಿಲ್ಲ. ಇಡೀ ಸೈನ್ಯಕ್ಕೆ ಒಂದೇ ಬಣ್ಣದ, ಒಂದೇ ಮಾದರಿಯ ಉಡುಪನ್ನು ಹೊಲಿಸಿ ಕೊಡುವ ಪದ್ಧತಿ ಬಹುಕಾಲಾನಂತರದ್ದು. 851ರಲ್ಲಿ ಬರೆದಿಟ್ಟ, ಸುಲೈಮಾನನದೆಂದು ಪ್ರಸಿದ್ಧವಾದ ಅರಬ್ಬಿ ವೃತ್ತಾಂತವು 'ಬಲ್ಹರಾ' ಎಂದರೆ ವಲ್ಲಭರಾಜನಾದ ರಾಷ್ಟ್ರಕೂಟ ದೊರೆಯು ತನ್ನ ಸೈನಿಕರಿಗೆ ಕ್ರಮವಾಗಿ ವೇತನ ಕೊಡುತ್ತಿದ್ದನೆಂದು ಹೇಳುತ್ತದೆ. ವೇತನವಿತ್ತೆಂದ ಮಾತ್ರಕ್ಕೆ ಸಮವಸ್ತ್ರವೂ ಇತ್ತೆಂದು ಊಹಿಸುವುದು ಯುಕ್ತವಲ್ಲ.

ಬಟ್ಟೆ ಉಳಿಯದಿದ್ದರೂ ಅದರ ರೂಪ ಕಲ್ಲಿನಲ್ಲಿ ಉಳಿದಿದೆ. ಕೊಣ್ಣೂರಿನಿಂದ ಮಲಪ್ರಭೆಯ ಗುಂಟ ಕೆಳಗೆ ನಡೆದರೆ ಪಟ್ಟದಕಲ್ಲು ದೊರೆಯುತ್ತದೆ. ಅಲ್ಲಿಯ ವಿರೂಪಾಕ್ಷ ಮತ್ತು ಪಾಪನಾಥ ದೇವಾಲಯಗಳಲ್ಲಿ ರಾಮಾಯಣ ಮಹಾಭಾರತಗಳ ಯುದ್ಧದೃಶ್ಯಗಳು ಕೆತ್ತಲ್ಪಟ್ಟಿವೆ. ಇವು ಎಂಟನೆಯ ಶತಮಾನದವು. ಎಂದರೆ ಬಂಕೇಯನ ಕಾಲಕ್ಕಿಂತ ಸ್ವಲ್ಪ ಹಿಂದಿನವು. ಅವನ ಕಾಲಕ್ಕೆ ಸ್ವಲ್ಪ ಈಚಿನದು ಬೆಂಗಳೂರಿನ ಬಳಿಯ ಬೇಗೂರಿನಲ್ಲಿ ದೊರೆತ, ಗಂಗರ ಸೇವಕ ನಾಗತ್ತರನ ಪ್ರಸಿದ್ಧ ವೀರಗಲ್ಲು. ಆನೆ ಕುದುರೆ ಕಾಲಾಳುಗಳಿಂದ ತುಂಬಿದ ಆ ಕದನದ ಚಿತ್ರವು ಅಂದಿನ ಸಾಮಾನ್ಯ ಯೋಧನನ್ನು ಕಾಣಿಸುವ ಅಪೂರ್ವ ಸಾಕ್ಷಿ. ದೇವಾಲಯದ ಶಿಲ್ಪಿಯು ಪುರಾಣದ ವೀರನನ್ನು ಕಲ್ಪಿಸಿ ಕೆತ್ತುತ್ತಾನೆ. ವೀರಗಲ್ಲಿನ ಶಿಲ್ಪಿಯು ಮಡಿದವನನ್ನು ಬಲ್ಲ ಜನರ ಕಣ್ಣೆದುರು ಕೆತ್ತುತ್ತಾನೆ. ಆದ್ದರಿಂದ ಎರಡನೆಯದಕ್ಕೆ ನಾವು ಹೆಚ್ಚಿನ ಬೆಲೆಯನ್ನು ಕೊಡುತ್ತೇವೆ.

ಕನ್ನಡನಾಡಿನ ಹಳೆಯ ವೀರಗಲ್ಲುಗಳನ್ನು ಸಾಲಾಗಿ ಹೋಲಿಸಿ ನೋಡಿದರೆ ಕಾಲಾಳಿನ ಉಡುಪು ಬಹು ಸರಳವಾದುದೆಂದು ಕಂಡುಬರುತ್ತದೆ. ಮೈ ಬಹುಮಟ್ಟಿಗೆ ಬರಿದಾದುದು. ಸೊಂಟದಿಂದ ಮೊಣಕಾಲಿನ ಮೇಲಕ್ಕೆ ಬಿಗಿದು ಕಟ್ಟಿದ ಗಿಡ್ಡ ಬಟ್ಟೆ. ಅದರ ಮೇಲೆ ನಡುಕಟ್ಟು, ಅದರಲ್ಲಿ ಸಿಕ್ಕಿಸಿದ ಕಿರುಗತ್ತಿ. ಹಿಂದಕ್ಕೋ ಪಕ್ಕಕ್ಕೋ ಗಂಟುಹಾಕಿದ ತಲೆಗೂದಲು. ಕೈಯಲ್ಲಿ ಕತ್ತಿ ಗುರಾಣಿಗಳು, ಇಲ್ಲವೆ ಬಿಲ್ಲು. ಈಗಲೂ ನಾವು ಆಡುವ 'ವೀರಗಚ್ಚೆ' ಎಂಬ ಮಾತು ಬಟ್ಟೆಯನ್ನು ಹೀಗೆ ಬಿಗಿದುಟ್ಟು ಕಾಳಗಕ್ಕೆ ನಿಲ್ಲುವ ರೂಢಿಯನ್ನು ನೆನಪಿಗೆ ತರುತ್ತದೆ. ನಮ್ಮ ರಂಗಭೂಮಿಯಲ್ಲಿ ಯಾವ ಕಾಲದ ಯೋಧನಿಗಾದರೂ ತೊಡಿಸುವ ಮಕಮಲ್ಲಿನ ನಿಲುವಂಗಿಯೂ ಜರತಾರಿಯ ಅಂಚೂ ಇಲ್ಲಿ ಸಲ್ಲವು. ಹೊಲಿದ ಕಬಾಯಿ ಹಾಗೂ ಎತ್ತರದ ಕುಲಾಯಿ ವಿಜಯನಗರದ ಆಸ್ಥಾನದಲ್ಲಿ ಬಳಕೆಯಲ್ಲಿದ್ದವು; ಅವನ್ನು ಐದಾರು ನೂರು ವರ್ಷ ಹಿಂದಕ್ಕೆ ಎಳೆದು ಬಂಕೇಯನ ಭಟರಿಗೆ ತೊಡಿಸುವುದು ಕಾಲವಿರೋಧವೆನಿಸುತ್ತದೆ.

ಆಕಾರದಂತೆ ಬಟ್ಟೆಯ ಗುಣವನ್ನೂ ವಿಚಾರಿಸಬೇಕು. ನರಗುಂದ, ರೋಣಗಳ ಎರೆಭೂಮಿ ಹತ್ತಿಗೆ ಹೆಸರಾದುದು. ಆದರೆ ಉದ್ದ ಎಳೆಯ ಅಮೆರಿಕದ ಹತ್ತಿ ಧಾರವಾಡ ಸೀಮೆಗೆ ಬಂದದ್ದು 19ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಇಲ್ಲಿ ಬೆಳೆಯುತ್ತಿದ್ದುದು ಗಿಡ್ಡ ಎಳೆಯ ದೇಶೀ ಹತ್ತಿ. ನೂಲುವ ರಾಟೆಯೂ ಭಾರತದಲ್ಲಿ ಪ್ರಚಾರಕ್ಕೆ ಬಂದದ್ದು ಬಂಕೇಯನಿಗೆ ಕೆಲವು ಶತಮಾನಗಳ ಈಚೆಗೆ ಎಂಬುದು ಇತಿಹಾಸಕಾರರಲ್ಲಿ ಹೆಚ್ಚಾಗಿ ಒಪ್ಪಿತವಾದ ಅಭಿಪ್ರಾಯ. ಆದುದರಿಂದ ಪ್ರಾಮಾಣಿಕ ಪುನಾರಚನೆಗೆ ಬೇಕಾದದ್ದು ದೇಶೀ ಹತ್ತಿಯಿಂದ ಕೈಗದಿರಿನಲ್ಲಿ ತೆಗೆದ ನೂಲಿನ, ಕೈಮಗ್ಗದಲ್ಲಿ ನೆಯ್ದ, ಹೊಲಿಗೆಯಿಲ್ಲದ ಒರಟು ಬಟ್ಟೆ. ಬಣ್ಣದ ವಿಚಾರವನ್ನು ಮಾತ್ರ ಕಲ್ಲು ಹೇಳಲಾರದು. ಬಣ್ಣ ಹಾಕದ ಬಟ್ಟೆಯನ್ನೇ ಉಡಿಸುವುದು ಕ್ಷೇಮಕರವೆಂದು ನಮ್ಮ ಅಭಿಪ್ರಾಯ.

ಹೀಗಿರಲು ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ತಂದೆಯ ಪಕ್ಷದವರೂ ಮಗನ ಪಕ್ಷದವರೂ ಒಂದೇ ನಾಡಿನವರು, ಒಂದೇ ಬಗೆಯ ಬಟ್ಟೆಯುಟ್ಟವರು, ಒಂದೇ ಬಗೆಯ ಆಯುಧ ಹಿಡಿದವರು. ಕದನದಲ್ಲಿ ತನ್ನವರು ಯಾರು, ಹಗೆಗಳು ಯಾರೆಂದು ತಿಳಿಯುತ್ತಿದ್ದುದು ಹೇಗೆ? ಇದಕ್ಕೆ ಸುಳುಹು ಬಂಕೇಯನ ವಂಶದ ಹೆಸರಿನಲ್ಲಿಯೇ ಇದೆ. ಈ ಮನೆತನವು 'ಚೆಲ್ಲಕೇತನ'ವೆಂದು ಪ್ರಸಿದ್ಧವಾದುದು, ಕೇತನವೆಂದರೆ ಧ್ವಜ. ಬಂಕಾಪುರದಲ್ಲಿ ಆಳುತ್ತಿದ್ದ ಬಂಕೇಯನ ಮಗ ಲೋಕಾದಿತ್ಯನನ್ನು ಗುಣಭದ್ರರ ಉತ್ತರಪುರಾಣದ ಪ್ರಶಸ್ತಿಯು ಇದೇ ಧ್ವಜದ ಹೆಸರಿನಿಂದ ಪರಿಚಯಮಾಡಿಕೊಡುತ್ತದೆ. ಒಂದು ಮನೆತನವು ತನ್ನ ಬಾವುಟದಿಂದಲೇ ಹೆಸರಾಗಬೇಕಾದರೆ ರಣರಂಗದಲ್ಲಿ ಅದರ ಮಹತ್ವ ಎಷ್ಟಿದ್ದಿರಬೇಕು! ಚಕ್ರವರ್ತಿಗೆ ಗರುಡಲಾಂಛನವೂ ಪಾಳಿಧ್ವಜವೂ ಇದ್ದವು. ಅಮೋಘವರ್ಷನ ಗುರುಗಳಾದ ಜಿನಸೇನರ ಆದಿಪುರಾಣದಲ್ಲಿ ಮಾಲೆ, ವಸ್ತ್ರ, ನವಿಲು, ತಾವರೆ, ಹಂಸ ಮೊದಲಾದ ಹತ್ತು ಚಿಹ್ನೆಗಳ ಧ್ವಜಪಂಕ್ತಿಯ ವರ್ಣನೆಯಿದೆ. ಅದು ಸಮವಸರಣದ ವರ್ಣನೆಯಾದುದರಿಂದ ಅದನ್ನು ಹಾಗೆಯೇ ರಣರಂಗಕ್ಕೆ ಅನ್ವಯಿಸಲಾಗದು. ಆದರೂ ಸಾಲುಧ್ವಜಗಳ ಕಲ್ಪನೆ ಅಂದಿನವರಿಗೆ ಎಷ್ಟು ಪರಿಚಿತವಾಗಿತ್ತೆಂಬುದು ಇದರಿಂದ ಗೊತ್ತಾಗುತ್ತದೆ.

ಸಮವಸ್ತ್ರವಿದ್ದ ಕಾಲದಲ್ಲಿಯೂ ಅಂತರ್ಯುದ್ಧದಲ್ಲಿ ಈ ಗೊಂದಲ ತಪ್ಪಲಿಲ್ಲ. 1861ರ ಜುಲೈಯಲ್ಲಿ ಅಮೆರಿಕದ ಬುಲ್ ರನ್ ಎಂಬಲ್ಲಿ ದಕ್ಷಿಣದ ಒಂದು ದಳವು ನೀಲಿ ಉಡುಪಿನಲ್ಲಿದ್ದುದರಿಂದ ಉತ್ತರದ ತೋಪಿನವರು ಅವರನ್ನು ತಮ್ಮವರೆಂದು ಭ್ರಮಿಸಿ ತೋಪುಗಳನ್ನು ಕಳೆದುಕೊಂಡರು. ಆ ಮೇಲೆ ದಕ್ಷಿಣದವರು ದೂರದಿಂದ ಗುರುತಿಸಲಾಗುವಂತಹ ಹೊಸ ರಣಧ್ವಜವನ್ನು ಮಾಡಿಕೊಂಡರು. ಅಲ್ಲಿಯೂ ಕೊನೆಗೆ ನೆರವಿಗೆ ಬಂದದ್ದು ಬಾವುಟವೇ.

ಈ ಎಲ್ಲ ವಿಚಾರಗಳಿಂದ ನಾವು ಮುಟ್ಟುವ ನಿರ್ಣಯ ಇಷ್ಟು: ಕೊಣ್ಣೂರ ಶಾಸನದ ಕಲಹವನ್ನು ತೋರಿಸುವಾಗ ಎರಡು ಪಕ್ಷಗಳಿಗೆ ಎರಡು ಬಣ್ಣದ ಉಡುಪುಗಳನ್ನು ಹೊಲಿಸಬಾರದು. ನೋಡುವವರಿಗೆ ಅದು ಅನುಕೂಲವೇ ಸರಿ. ಆದರೆ ಅದರಿಂದ ಮನೆಯೊಳಗಿನ ಜಗಳವು ಹೊರಗಿನವರ ಮೇಲಿನ ಯುದ್ಧದಂತೆ ತೋರುತ್ತದೆ. ಬಟ್ಟೆ ಒಂದೇ ಇರಲಿ, ಬಾವುಟ ಬೇರೆಯಾಗಿರಲಿ. ಶಾಸನವನ್ನು ಬರೆಯಿಸಿದವರು ಗೆದ್ದ ಪಕ್ಷದವರು. ಸೋತವರ ಹೆಸರುಗಳು ಅದರಲ್ಲಿಲ್ಲ. ಒಂದೇ ಬಟ್ಟೆಯನ್ನು ಉಡಿಸುವುದು ಆ ಹೆಸರಿಲ್ಲದವರಿಗೂ ಸಲ್ಲುವ ನ್ಯಾಯ.

ಕೊನೆಯದಾಗಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಸೂಚನೆ. ಪುನಾರಚಿಸಿದ ಪ್ರತಿಯೊಂದು ಉಡುಪಿನ ಜೊತೆಗೆ ಚಿಕ್ಕದೊಂದು ಪಟ್ಟಿಯನ್ನಿಡಬೇಕು. ಯಾವುದನ್ನು ಕಲ್ಲಿನಲ್ಲಿ ಕಂಡೆವು, ಯಾವುದನ್ನು ಆಧಾರದಿಂದ ಊಹಿಸಿದೆವು, ಯಾವುದನ್ನು ಕೊರತೆ ತುಂಬಲು ನಾವೇ ಸೇರಿಸಿದೆವು ಎಂಬ ಮೂರು ಅಂಶಗಳನ್ನು ಅದರಲ್ಲಿ ಬೇರೆಬೇರೆಯಾಗಿ ಬರೆಯಬೇಕು. ತಾನು ಹಳೆಯ ತಾಮ್ರಪಟದ ಪ್ರತಿಯೆಂದು ಕೊಣ್ಣೂರಿನ ಕಲ್ಲು ಎಂಟು ಶತಮಾನಗಳಿಂದ ಹೇಳಿಕೊಳ್ಳುತ್ತಲೇ ಇದೆ. ನಮ್ಮ ಕೆಲಸದಲ್ಲಿಯೂ ಅಷ್ಟು ಪ್ರಾಮಾಣಿಕತೆ ಇದ್ದರೆ ಸಾಕು.